ಹೆಸರು ಕೂಗದ ಎಡೆ

ಮದ್ದೂರು ವಲಯ (ಗುಂಡ್ಲುಪೇಟೆ), ಕಾಡಿನ ಶಿಬಿರ
೬ ಜುಲೈ ೨೦೨೫

ಅಪ್ಪ, ಅಮ್ಮ ಇಬ್ಬರಿಗೂ,

ಫಾರೆಸ್ಟ್ ಗಾರ್ಡ್ ಆಗಿ ಹೋದವಳು ಒಂದು ಫೋನೂ ಮಾಡಲಿಲ್ಲ ಎಂದು ಅಮ್ಮ ಮುಖ ಊದಿಸಿಕೊಂಡು ಕೂತಿರುತ್ತಾಳೆ. ಇಲ್ಲಿ ಸಿಗ್ನಲ್ಲೇ ಇಲ್ಲ. ಬಂಡೆ ಹತ್ತಿ ನಿಂತರೆ ಒಂದೇ ಒಂದು ಗೆರೆ ಬರುತ್ತದೆ, ಅದೂ ಕೇರಳದ್ದು. ಮಲಯಾಳದಲ್ಲಿ ಒಂದು ಸ್ವಾಗತದ ಮೆಸೇಜು ಬಿದ್ದು ಮತ್ತೆ ಮಾಯ. ಆದ್ದರಿಂದ ಕಾಗದ ಬರೆಯುವ ಕಾಲಕ್ಕೆ ವಾಪಸ್ ಹೋಗಿದ್ದೇನೆ. ರೇಷನ್ ಜೀಪಿನ ಬಸವಣ್ಣ ನಮ್ಮ ಭೀಮನಬೀಡಿನವನೇ ಆದ್ದರಿಂದ ಅಂಚೆಯ ಕೆಲಸವೂ ಅವನ ತಲೆಗೆ ಬಿದ್ದಿದೆ. ಅವನು ಊರಿಗೆ ಬಂದಾಗ ಒಂದು ಲೋಟ ಕಾಫಿ ಕೊಡಿ, ಕಾಗದಕ್ಕೆ ಅದೇ ಸ್ಟಾಂಪು.

ನನ್ನ ಜೊತೆ ಗಸ್ತಿಗೆ ಬರುವ ವಾಚರ್ ಹೆಸರು ಮಹದೇವಸ್ವಾಮಿ. ಅಣ್ಣ ಎನ್ನುತ್ತೇನೆ, ವಯಸ್ಸಿನಲ್ಲಿ ಅಪ್ಪನಿಗಿಂತ ದೊಡ್ಡವನು. ಕಾಡಿನೊಳಗೆ ಕೆಮ್ಮುತ್ತಾ ನಡೆಯುತ್ತಾನೆ. ನೆಗಡಿಯೇನೋ ಎಂದು ಮಾತ್ರೆ ಕೊಡಲು ಹೋದೆ. "ನೆಗಡಿ ಅಲ್ಲ ಕನವ್ವ. ನೆಂಟ್ರ ಮನಗ ಓದಾಗ ಬಾಗ್ಲಲ್ಲಿ ಕೆಮ್ಮಾಕಿಲ್ವಾ? ಅಂಗೇಯ. ಆನೆಗ ಗೊತ್ತಾಗ್ಲಿ, ನಾವು ಬಂದೋ ಅಂತ" ಎಂದ. ಈಗ ನಾನೂ ಕೆಮ್ಮುತ್ತೇನೆ. ಇಬ್ಬರೂ ಸೇರಿ ಕೆಮ್ಮಿದರೆ ಸರ್ಕಾರಿ ಆಸ್ಪತ್ರೆಯ ಪಡಸಾಲೆ ಇದ್ದ ಹಾಗಿರುತ್ತದೆ.

ಅಜ್ಜಿ ಇದ್ದಿದ್ದರೆ ನನ್ನ ಖಾಕಿ ಬಟ್ಟೆ ನೋಡಿ ದೃಷ್ಟಿ ತೆಗೆಯುತ್ತಿದ್ದಳು. ಅಪ್ಪ, ಚೆಂಡುಹೂವಿಗೆ ಮೊಗ್ಗು ಬಂತೆ? ಬರೆ.

ನಿಮ್ಮ ಕೆಮ್ಮುವ ಮಗಳು,
ತೇಜಸ್ವಿನಿ

•

ಭೀಮನಬೀಡು
೧೯ ಜುಲೈ ೨೦೨೫

ತೇಜು,

ಬಸವಣ್ಣ ಒಂದಲ್ಲ, ಎರಡು ಲೋಟ ಕುಡಿದ. ನಿನ್ನ ಸ್ಟಾಂಪಿನ ಬೆಲೆ ಏರಿದೆ. ನನ್ನದು ಏಳನೇ ಕ್ಲಾಸಿನ ಕನ್ನಡ, ತಪ್ಪು ಹುಡುಕಿಕೊಂಡು ಕೂರಬೇಡ. ಈ ಕಾಗದ ನಿಮ್ಮಪ್ಪನಿಗೆ ಗೊತ್ತಿಲ್ಲ. ಹೂವಿನ ಹೊಲಕ್ಕೆ ಹೋಗಿದ್ದಾರೆ.

ನಿನ್ನಜ್ಜಿ ಯುಗಾದಿಗೆ ಮುಂಚೆ ತೀರಿಕೊಂಡರಲ್ಲ, ಈ ಮಹಾಲಯ ಅಮಾವಾಸ್ಯೆಗೆ ಅವರಿಗೂ ಎಡೆ ಇಡಬೇಕು. ಅವರು ಹೋದ ಮೇಲೆ ಮನೆಗೆ ಹಿರಿಯಳು ನಾನು. ಎಲೆಗಳ ಮುಂದೆ ನಿಂತು ಸತ್ತವರನ್ನು ಹೆಸರು ಹಿಡಿದು ಊಟಕ್ಕೆ ಕೂಗುವವಳು ಇನ್ನು ನಾನೇ. "ಗುರುಸಿದ್ದಯ್ಯ, ಬಾರಪ್ಪ, ಉಂಡೋಗು" ಎಂದು ನಿನ್ನಜ್ಜಿ ಮರಿತಾಯಮ್ಮ ಕೂಗಿದರೆ ನಿಮ್ಮ ಮುತ್ತಾತನೊಬ್ಬನೇ ಅಲ್ಲ, ಪಕ್ಕದ ಬೀದಿಯ ಸತ್ತವರೂ ಎದ್ದು ಬರಬೇಕು, ಹಾಗಿತ್ತು ಆ ಗಂಟಲು. ಆದರೆ ಕೊನೆಯ ಎಲೆಗೆ ಬಂದಾಗ ಮಾತ್ರ ಬಾಯೊಳಗೇ ಏನೋ ಗೊಣಗಿ ಮುಗಿಸುತ್ತಿದ್ದರು.

ಆ ಎಲೆ ನಿನಗೆ ಗೊತ್ತು. ಎಲ್ಲಕ್ಕೂ ಬಡಿಸಿದ ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ ಅದಕ್ಕೂ. ಜೊತೆಗೆ ಒಂದು ಹೊಸ ಬಾಚಣಿಗೆ, ಅಂಗೈಯಗಲದ ದುಂಡು ಕನ್ನಡಿ. ಅವೆರಡನ್ನೂ ನಿಮ್ಮಪ್ಪನೇ ಗುಂಡ್ಲುಪೇಟೆಯಿಂದ ತರುತ್ತಾರೆ. ಸೈನ್ಯದಲ್ಲಿದ್ದು ರಜ ಸಿಗದ ವರ್ಷ ಅವರ ಪರವಾಗಿ ನಿನ್ನಜ್ಜಿ ಇಡುತ್ತಿದ್ದರು. ಪೂಜೆಯಾದ ಮೇಲೆ ಉಳಿದ ಎಲೆಗಳ ಊಟ ನಾವೆಲ್ಲ ಹಂಚಿಕೊಂಡು ತಿನ್ನುತ್ತೇವೆ. ಅದೊಂದನ್ನು ನಿಮ್ಮಪ್ಪ ಜಗುಲಿಗೆ ಎತ್ತಿಕೊಂಡು ಹೋಗಿ, ಬೀದಿಗೆ ಬೆನ್ನು ಹಾಕಿ ಒಬ್ಬರೇ ಉಣ್ಣುತ್ತಾರೆ. ಬಾಚಣಿಗೆ ಮಾತ್ರ ನಿನಗೆ. ನಿನ್ನ ಜಡೆ ಹೆಣೆದದ್ದೆಲ್ಲ ಆ ಎಲೆಯ ಬಾಚಣಿಗೆಯಲ್ಲೇ.

ಕಾರ್ಗಿಲ್ಲಿನಿಂದ ಬಂದ ಮಾರನೇ ವರ್ಷ ನಮ್ಮ ಮದುವೆ. ಆ ವರ್ಷವೇ ಕೇಳಿದೆ, "ಅದ್ಯಾರ್ಗ ಎಲೆ?" ಎಂದು. "ಅಲ್ಲೀದು" ಎಂದರು. ಅಷ್ಟೇ. ಅಲ್ಲಿಂದ ಇಲ್ಲಿಯವರೆಗೆ ಯುದ್ಧದ ಮಾತು ಎತ್ತಿದಾಗಲೆಲ್ಲ ನಿಮ್ಮಪ್ಪನಿಗೆ ದನಕ್ಕೆ ಹುಲ್ಲು ಹಾಕುವುದು ನೆನಪಾಗುತ್ತದೆ.

ಈಗ ನಾನು ಹೇಳುವುದನ್ನು ನಗದೆ ಓದು. ಕನ್ನಡಿ, ಬಾಚಣಿಗೆ ಇಟ್ಟು ಕರೆಯುವುದು ಯಾರನ್ನು? ಮುತ್ತೈದೆಯಾಗಿ ಸತ್ತವಳನ್ನು. ಗಂಡಸಿಗಾದರೆ ಬೀಡಿ ಇಡುತ್ತಾರೆ, ಪಂಚೆ ಇಡುತ್ತಾರೆ, ಬಾಟಲಿ ಇಡುತ್ತಾರೆ, ಕನ್ನಡಿ ಯಾರಾದರೂ ಇಡುತ್ತಾರೆಯೇ? ಅಲ್ಲಿ ಯಾರೋ ಒಬ್ಬಳಿದ್ದಳು ಕಣೆ. ಸತ್ತವಳ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಸುಳ್ಳು ಬರೆದೆ, ಮೊದಮೊದಲು ಇತ್ತು. ಈಗ ಅವಳೂ ಮನೆಯವಳ ಹಾಗೇ ಆಗಿಹೋಗಿದ್ದಾಳೆ. ಆದರೆ ಕೂಗುವವಳು ನಾನು. ಹೆಸರಿಲ್ಲದೆ ಕೂಗಿ, ಯಾವುದೋ ಬೀದಿ ಪಿಶಾಚಿ ಬಂದು ಎಲೆಯ ಮುಂದೆ ಕಾಲು ಮಡಚಿ ಕೂತರೆ ಎಬ್ಬಿಸುವವರು ಯಾರು? ನಿಮ್ಮಪ್ಪನಿಗೆ ಹೇಳಿಬಿಟ್ಟೆ: "ಎಸ್ರು ಯೋಳಿ. ಇಲ್ಲಾಂದ್ರ ಈ ಸಲ ಆ ಎಲೆ ಇಡಾಕಿಲ್ಲ." ಅವರು ಎದ್ದು ದನಕ್ಕೆ ಹುಲ್ಲು ಹಾಕಲು ಹೋದರು. ದನ ಆಗಲೇ ತಿಂದು ಮಲಗಿತ್ತು.

ನೀನು ಬರೆದು ಕೇಳು. ನಿನ್ನ ಮಾತು ನಡೆಯುತ್ತದೆ. ಹೆಂಗಸಿನ ವಿಷಯ ಮಾತ್ರ ಬರೆದೀಯೆ, ಜೋಕೆ. ಅಮಾವಾಸ್ಯೆ ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ.

ಹೊಟ್ಟೆಗೆ ಸರಿಯಾಗಿ ತಿನ್ನು.

ಅಮ್ಮ,
ಶಿವಮ್ಮ

•

ಮದ್ದೂರು
೨೭ ಜುಲೈ ೨೦೨೫

ಅಪ್ಪ,

ನಿನ್ನೆ ಕಾರ್ಗಿಲ್ ವಿಜಯ ದಿನ. ವಲಯ ಕಚೇರಿಯಲ್ಲಿ ಧ್ವಜದ ಮುಂದೆ ಎಲ್ಲರನ್ನೂ ನಿಲ್ಲಿಸಿ ಸಾಹೇಬರು, "ಇವರ ತಂದೆ ಶಿವಮಲ್ಲು ಅವರು ಕಾರ್ಗಿಲ್‌ನಲ್ಲಿ ಹೋರಾಡಿದವರು, ತೇಜಸ್ವಿನಿ ಎರಡು ಮಾತಾಡಲಿ" ಎಂದುಬಿಟ್ಟರು. ಮುಂದೆ ಹೋಗಿ ನಿಂತೆ. ನನ್ನ ಹತ್ತಿರ ಎರಡಲ್ಲ, ಒಂದು ಮಾತೂ ಇರಲಿಲ್ಲ. ನೀನು ಯಾವ ಬೆಟ್ಟದ ಮೇಲಿದ್ದೆ, ಯಾರ ಜೊತೆಗಿದ್ದೆ, ಹೆದರಿದ್ದೆಯೋ ಇಲ್ಲವೋ, ನನಗೇನು ಗೊತ್ತು? ಎಲ್ಲರೂ ನೋಡುತ್ತಿದ್ದಾರೆ. ಕೊನೆಗೆ, "ನಮ್ಮಪ್ಪ ಚೆಂಡುಹೂವು ಬಾಳ ಚೆನ್ನಾಗಿ ಬೆಳೀತಾರೆ" ಎಂದು ಹೇಳಿ ಬಂದು ನಿಂತುಕೊಂಡೆ. ಜೋರು ಚಪ್ಪಾಳೆ. ಸಾಹೇಬರ ಹೆಂಡತಿ ಆಮೇಲೆ ಬಂದು ಬಿತ್ತನೆ ಬೀಜ ಎಲ್ಲಿ ಸಿಗುತ್ತದೆ ಎಂದು ಕೇಳಿದರು.

ನಗು ಬಂತು, ಆದರೆ ಮಲಗುವಾಗ ಸ್ವಲ್ಪ ದುಃಖವೂ ಆಯಿತು. ಅದಕ್ಕೇ ಕೇಳುತ್ತಿದ್ದೇನೆ. ಯುದ್ಧದ ಕಥೆ ಬೇಡ. ಆ ಕೊನೆಯ ಎಲೆ ಯಾರದು, ಹೆಸರೊಂದು ಹೇಳು. ಅಮ್ಮ ಈ ಸಲ ಹೆಸರಿಲ್ಲದಿದ್ದರೆ ಇಡುವುದಿಲ್ಲ ಎಂದಿದ್ದಾಳೆ. ಅಮ್ಮ ಹೇಳಿದ್ದನ್ನು ಮಾಡುವವಳು ಎಂದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ನನಗೊಬ್ಬಳಿಗೆ ಹೇಳಿದರೂ ಸಾಕು, ಅಮ್ಮನ ಕಿವಿಯಲ್ಲಿ ನಾನು ಊದುತ್ತೇನೆ.

ನಿನ್ನ ಭಾಷಣಗಾರ್ತಿ,
ತೇಜು

•

ಭೀಮನಬೀಡು
೬ ಆಗಸ್ಟ್ ೨೦೨೫

ತೇಜುಗೆ ಆಶೀರ್ವಾದ.

ಭಾಷಣ ಚೆನ್ನಾಗಿದೆ. ನಿಜವನ್ನೇ ಹೇಳಿದ್ದೀಯ.

ಹೂವು ಈ ಸಲ ಹೊಲದಲ್ಲಿ ನಿಲ್ಲಲು ಜಾಗವಿಲ್ಲದಷ್ಟು ಬಂದಿದೆ. ಓಣಂಗೆ ಬೇಕೆಂದು ಕೇರಳದ ಬತ್ತೇರಿಯ ವ್ಯಾಪಾರಿ ಈಗಲೇ ಬಂದು ನೋಡಿಕೊಂಡು ಹೋದ. ಅವನಿಗೆ ನಿಮ್ಮಮ್ಮ ಉಪ್ಪಿನಕಾಯಿ ಕೊಟ್ಟಳು, ಅವನು ಹಲಸಿನ ಚಿಪ್ಸು ಕೊಟ್ಟ. ಅವರಿಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಅರ್ಧ ಗಂಟೆ ಮಾತಾಡಿದರು. ಯಾರಿಗೆ ಏನು ತಿಳಿಯಿತೋ, ಇಬ್ಬರೂ ಸಂತೋಷವಾಗಿದ್ದರು. ದಾರಿಯಲ್ಲಿ ಹೋಗುವ ಕಾರಿನವರೆಲ್ಲ ಇಳಿದು ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಗಿಡ ಮುರಿಯುತ್ತೀರಿ ಎಂದು ಬೈಯಲು ಹೋದ ನನ್ನನ್ನೂ ನಿಲ್ಲಿಸಿ ತೆಗೆದರು.

ಎಲೆಯ ವಿಷಯ. ನೀನು ಕೇಳಿದ್ದಕ್ಕೆ ಬೇಸರವಿಲ್ಲ. ಹೇಳಲಾರೆ, ಮಗ. ಹೆಸರು ಹೇಳಿದರೆ ಯಾರು ಎನ್ನುತ್ತೀರಿ. ಯಾರು ಎಂದು ಹೇಳಿದರೆ ಏನಾಯಿತು ಎನ್ನುತ್ತೀರಿ. ನಮ್ಮ ಮನೆಯಲ್ಲಿ ಪ್ರಶ್ನೆ ಒಂದೊಂದೇ ಬರುವುದಿಲ್ಲ, ಕುರಿಯ ಹಾಗೆ ಒಂದರ ಹಿಂದೆ ಮಂದೆಯೇ ನುಗ್ಗುತ್ತದೆ.

ಕಾಡಿನಲ್ಲಿ ಹುಷಾರು.

ಅಪ್ಪ

•

ಮದ್ದೂರು
೧೦ ಆಗಸ್ಟ್ ೨೦೨೫

ಗುರುಪಾದಸ್ವಾಮಿ ಮಾವನವರಿಗೆ ನಮಸ್ಕಾರ.

ನೀವು ಅಪ್ಪನ ಜೊತೆ ಸೈನ್ಯದಲ್ಲಿದ್ದವರು, ನಾವು ಚಾಮರಾಜನಗರಕ್ಕೆ ಬಂದಾಗಲೆಲ್ಲ ನನಗೆ ಅಂಗಡಿಯಿಂದ ಕೊಬ್ಬರಿ ಮಿಠಾಯಿ ಕೊಟ್ಟವರು. ಆ ಸಲಿಗೆಯಲ್ಲಿ ಕೇಳುತ್ತಿದ್ದೇನೆ. ಅಮಾವಾಸ್ಯೆಯ ದಿನ ಅಪ್ಪ ಒಂದು ಎಲೆ ಹೆಚ್ಚಿಗೆ ಇಡಿಸುತ್ತಾರೆ. ಅದು ಯಾರಿಗೆ ಎಂದು ಹೇಳುವುದಿಲ್ಲ. ಹೆಸರು ಹೇಳದಿದ್ದರೆ ಈ ವರ್ಷ ಎಲೆ ಇಲ್ಲ ಎಂದು ಅಮ್ಮ ಹಟ ಹಿಡಿದಿದ್ದಾರೆ. ನಿಮಗೆ ಗೊತ್ತಿರಲೇಬೇಕು. ದಯವಿಟ್ಟು ಬರೆಯಿರಿ.

ಲಕ್ಷ್ಮಿದೇವಿ ಅತ್ತೆಗೆ ನನ್ನ ನಮಸ್ಕಾರ ತಿಳಿಸಿ.

ತೇಜಸ್ವಿನಿ

•

ದೊಡ್ಡಂಗಡಿ ಬೀದಿ, ಚಾಮರಾಜನಗರ
೧೮ ಆಗಸ್ಟ್ ೨೦೨೫

ತೇಜಸ್ವಿನಿ ಮಗಳೇ,

ನಿನ್ನ ಕಾಗದವನ್ನು ಅಂಚೆಯವನು ಅಂಗಡಿಗೇ ತಂದುಕೊಟ್ಟ. ಬ್ಯಾಂಕಿನವರಲ್ಲದೆ ಬೇರೆಯವರೂ ನನಗೆ ಕಾಗದ ಬರೆಯುತ್ತಾರೆ ಎಂದು ಗಿರಾಕಿಗಳಿಗೆಲ್ಲ ತೋರಿಸಿದೆ.

ಅಲ್ಲಿಯ ವಿಷಯ ಕೇಳಿದ್ದೀಯ, ಹೇಳುತ್ತೇನೆ ಕೇಳು. ನಿಮ್ಮಜ್ಜಿ ರಾಗಿಹಿಟ್ಟು ಪಾರ್ಸಲ್ ಕಳಿಸಿದ್ದರು. ನಿಮ್ಮಪ್ಪ ಸ್ಟೌ ಮೇಲೆ ಮುದ್ದೆ ಕಟ್ಟಿದ. ತಟ್ಟೆಗೆ ಹಾಕಿ ಹೊರಗೆ ತರುವುದರೊಳಗೆ ಚಳಿಗೆ ಅದು ಕಲ್ಲಾಯಿತು. ಪಂಜಾಬಿನವನೊಬ್ಬ ಅದನ್ನು ಕೈಯಲ್ಲಿ ತೂಗಿ ನೋಡಿ, ಇದು ತಿನ್ನುವುದೋ ಎಸೆಯುವುದೋ ಎಂದು ಗಂಭೀರವಾಗಿ ಕೇಳಿದ. ಇನ್ನೊಂದು ಸಲ ಸಾಮಾನು ಹೊರುವ ಹೇಸರಗತ್ತೆ ನಿಮ್ಮಪ್ಪನ ಟೋಪಿ ತಿಂದುಹಾಕಿತು. ಆಮೇಲೆ ಅದು ಎದುರಾದಾಗಲೆಲ್ಲ ನಿಮ್ಮಪ್ಪ ಸಲ್ಯೂಟ್ ಹೊಡೆಯುತ್ತಿದ್ದ. ಯಾಕೋ ಎಂದರೆ, "ಟೋಪಿ ಇರೋನೇ ದೊಡ್ಡೋನು ಕಣ್ಲಾ. ನಂದು ಅದ್ರ ಒಟ್ಟೇಲಿ ಅದ" ಎನ್ನುತ್ತಿದ್ದ.

ಇಂಥದ್ದು ಬೇಕಾದರೆ ಮೂಟೆಗಟ್ಟಲೆ ಇದೆ, ತೂಗಿ ಕೊಡುತ್ತೇನೆ. ಆ ಎಲೆ ಯಾರದೆಂದು ನನಗೆ ಗೊತ್ತು. ಅಲ್ಲಿ ನಾನೂ ಇದ್ದೆ. ಆದರೆ ನಿಮ್ಮಪ್ಪ ಬಾಯಿ ಬಿಡದ್ದನ್ನು ನಾನು ಬಿಡಲಾರೆ. ಬೇಜಾರು ಮಾಡಿಕೊಳ್ಳಬೇಡ.

ನನ್ನದೂ ಒಂದು ಗುಟ್ಟು ಹೇಳುತ್ತೇನೆ. ಯುದ್ಧದ ಅಷ್ಟೂ ದಿನ ನಾನು ಕ್ಯಾಂಟೀನಿನಲ್ಲಿ ಈರುಳ್ಳಿ ತೂಗುತ್ತಾ ಕೂತಿದ್ದೆ ಎಂದು ನಿಮ್ಮತ್ತೆ ನಂಬಿದ್ದಾಳೆ. ನಾನೇ ಹಾಗೆ ಹೇಳಿದ್ದು. ಈಗ ಅಂಗಡಿಯಲ್ಲಿ ತೂಕ ಸ್ವಲ್ಪ ಆಚೀಚೆಯಾದರೆ, "ಯುದ್ದದಲ್ಲೂ ಈರುಳ್ಳಿ ತೂಗ್ದೋನ್ಗ ತೊಗರಿ ತೂಗಾಕ ಬರಾಕಿಲ್ವಾ?" ಎಂದು ಬೀದಿಗೆ ಕೇಳುವಂತೆ ಬೈಯುತ್ತಾಳೆ. ನನಗೆ ಆ ಬೈಗುಳ ಎಷ್ಟು ಇಷ್ಟ ಗೊತ್ತಾ? ಅವಳಿಗೆ ನಾನು ಬರೀ ಈರುಳ್ಳಿ ಗಂಡ. ನಿಜ ಹೇಳಿದೆನೆಂದರೆ ನಾಳೆಯಿಂದ ಬೈಯುವ ಮುಂಚೆ ಒಂದು ಕ್ಷಣ ಯೋಚಿಸುತ್ತಾಳೆ. ಆ ಒಂದು ಕ್ಷಣ ನನಗೆ ಬೇಡ, ಮಗಳೇ.

ಬಿಡುವಾದಾಗ ಬಾ. ಕೊಬ್ಬರಿ ಮಿಠಾಯಿ ಈಗಲೂ ಇದೆ.

ಈರುಳ್ಳಿ ಮಾವ,
ಗುರುಪಾದಸ್ವಾಮಿ

•

ಮದ್ದೂರು
೩೦ ಆಗಸ್ಟ್ ೨೦೨೫

ಅಪ್ಪ, ಅಮ್ಮ,

ನಾನು ಚೆನ್ನಾಗಿದ್ದೇನೆ. ತುಂಬಾ ಚೆನ್ನಾಗಿದ್ದೇನೆ.

ಶಿಬಿರದಲ್ಲಿ ಈಗ ದಿನಾ ಉಪ್ಪಿಟ್ಟು. ನಾನೇ ಮಾಡುತ್ತೇನೆ. ರವೆಯನ್ನು ಮೊದಲು ಹದವಾಗಿ ಹುರಿಯಬೇಕು, ಇಲ್ಲದಿದ್ದರೆ ಗಂಟಾಗುತ್ತದೆ. ಕೆಂಪಾಗುವವರೆಗೆ ಹುರಿದರೂ ಕೆಟ್ಟಿತು. ನೀರಿಗೆ ಉಪ್ಪು ಹಾಕಿ ರುಚಿ ನೋಡಿಯೇ ರವೆ ಸುರಿಯಬೇಕು. 'ಉಪ್ಪಿಟ್ಟು' ಎಂಬ ಹೆಸರಿಟ್ಟವನು ಬುದ್ಧಿವಂತ, ಯಾಕೆಂದರೆ ಎಲ್ಲ ಇರುವುದು ಉಪ್ಪಿನಲ್ಲೇ. ಮೊನ್ನೆ ಕೋತಿಯೊಂದು ಉಪ್ಪಿನ ಪ್ಯಾಕೆಟ್ಟು ಎತ್ತಿಕೊಂಡು ಮರ ಹತ್ತಿತು. ಸಕ್ಕರೆ ಎಂದುಕೊಂಡಿರಬೇಕು, ಬಾಯಿಗೆ ಹಾಕಿಕೊಂಡು ಅದು ಮಾಡಿದ ಮುಖ ನೋಡಬೇಕಿತ್ತು. ಕ್ಯಾರೆಟ್ ಹಾಕಿದರೆ ಬಣ್ಣ ಬರುತ್ತದೆ, ಬೀನ್ಸ್ ಹಾಕಿದರೆ ನೋಡಲು ಚೆಂದ. ಕಡಲೆಬೇಳೆ ಹೆಚ್ಚಾದರೆ ಹಲ್ಲಿಗೆ ಸಿಗುತ್ತದೆ. ನಿಂಬೆಹಣ್ಣು ಕೊನೆಗೇ ಹಿಂಡಬೇಕು.

ಮಳೆ ಅಷ್ಟಾಗಿ ಇಲ್ಲ. ಬಟ್ಟೆ ಬೇಗ ಒಣಗುತ್ತದೆ. ಇನ್ನೇನು ವಿಶೇಷವಿಲ್ಲ.

ತೇಜು

•

ಭೀಮನಬೀಡು
೬ ಸೆಪ್ಟೆಂಬರ್ ೨೦೨೫

ತೇಜು,

ನಿನ್ನೆ ಓಣಂ ಮುಗಿಯಿತು. ಹೂವೆಲ್ಲ ಗಡಿ ದಾಟಿ ಹೋಯಿತು. ಹೊಲ ಈಗ ಕ್ಷೌರ ಮಾಡಿಸಿಕೊಂಡ ತಲೆಯ ಹಾಗಿದೆ. ಬತ್ತೇರಿಯವನು ಪಾಯಸ ತಂದಿದ್ದ.

ನಿನ್ನ ಕಾಗದವನ್ನು ನಿಮ್ಮಮ್ಮ ಓದಿ, "ಅಂತೂ ಅಡ್ಗೆ ಕಲ್ತ್ಕಂಡ್ಳು" ಎಂದು ಖುಷಿಪಟ್ಟಳು. ನಾನು ಜಗುಲಿಯಲ್ಲಿ ಕೂತು ಇನ್ನೊಂದು ಸಲ ಓದಿದೆ. ಉಪ್ಪಿಟ್ಟು ಕಂಡರೆ ಮೂಗು ಮುರಿಯುವವಳು ನೀನು. ಮೊದಲ ಕಾಗದದ ತುಂಬ ಇದ್ದ ಮಹದೇವಸ್ವಾಮಿ ಇದರಲ್ಲಿಲ್ಲ. ಗಸ್ತಿನ ಮಾತಿಲ್ಲ. ನೀವಿಬ್ಬರೂ ಕೆಮ್ಮುವುದೂ ಇಲ್ಲ.

ಮಗಳೇ, ಅಲ್ಲಿ ಏನೋ ಆಗಿದೆ. ಏನೆಂದು ನಾನು ಬಸವಣ್ಣನನ್ನು ಕೇಳಲಿಲ್ಲ. ಅವನು ಹೇಳಲು ಬಾಯಿ ತೆರೆದಾಗ ಹೊಲ ತೋರಿಸಲು ಕರೆದುಕೊಂಡು ಹೋದೆ. ಜೀಪಿನಲ್ಲಿ ಮಹದೇವಸ್ವಾಮಿಗೆ ಎಳನೀರು ಒಯ್ಯುತ್ತಿದ್ದ, ಅಷ್ಟು ತಿಳಿಯಿತು. ಎಳನೀರು ಕುಡಿಯುವಷ್ಟು ಚೆನ್ನಾಗಿದ್ದಾನೆ ಎಂದು ನೆಮ್ಮದಿಯಾಯಿತು.

ಬೆಟ್ಟದ ಮೇಲಿಂದ ನಾನು ಅವ್ವನಿಗೆ ಬರೆದ ಕಾಗದವೆಲ್ಲ ಊಟದ ಬಗ್ಗೆಯೇ. ಓದು ಬಾರದ ಅವ್ವ ಸ್ಕೂಲು ಮೇಷ್ಟ್ರ ಕೈಲಿ ಓದಿಸಿಕೊಂಡು, "ನನ್ ಮಗ ಅಲ್ಲಿ ತಿನ್ನೋದ್ ಬುಟ್ಟು ಬ್ಯಾರೆ ಏನೂ ಮಾಡಾಕಿಲ್ವಾ?" ಎಂದು ಊರಿಗೆಲ್ಲ ಕೇಳಿದ್ದಳಂತೆ. ಅವಳು ಹಾಗೆ ಕೇಳಲಿ ಎಂದೇ ಬರೆದಿದ್ದೆ.

ನಾನು ನಿನ್ನನ್ನು ಏನೂ ಕೇಳುವುದಿಲ್ಲ. ಹೇಳಬೇಕು ಅನ್ನಿಸಿದರೆ ಬಾ, ಹೇಳು, ಕೇಳಿಸಿಕೊಳ್ಳುತ್ತೇನೆ. ಬೇಡ ಅನ್ನಿಸಿದರೂ ಬಾ, ಕೋಳಿ ಕೊಯ್ಯೋಣ.

ಎಲೆಯ ವಿಷಯದಲ್ಲಿ ನಿಮ್ಮಮ್ಮ ಪಟ್ಟು ಸಡಿಲಿಸಿಲ್ಲ. ಅವಳ ಮಾತಿನಲ್ಲೂ ನ್ಯಾಯವಿದೆ, ಕೂಗುವವಳು ಅವಳು. ನಾನು ಜಗಳ ಮಾಡುವುದಿಲ್ಲ. ಆದರೆ ಆ ಎಲೆ ಇಡದ ದಿನ ನಾನು ಹೇಗೆ ಉಣ್ಣುತ್ತೇನೋ ನನಗೆ ಗೊತ್ತಿಲ್ಲ. ನಿನಗೆ ಮಾತ್ರ ಹೇಳಿದೆ.

ಅಪ್ಪ

•

ಮದ್ದೂರು
೧೩ ಸೆಪ್ಟೆಂಬರ್ ೨೦೨೫

ಅಮ್ಮ,

ಈ ಕಾಗದ ನಿಂತುಕೊಂಡು ಓದಬೇಡ, ಕೂತು ಓದು. ಮೊದಲಿಗೇ ಹೇಳಿಬಿಡುತ್ತೇನೆ: ನನ್ನ ಕೈಕಾಲು, ಕಣ್ಣುಮೂಗು ಎಲ್ಲ ನೀನು ಕೊಟ್ಟ ಜಾಗದಲ್ಲೇ ಇವೆ. ಮಹದೇವಸ್ವಾಮಿ ಅಣ್ಣನೂ ಎದ್ದು ಓಡಾಡುತ್ತಿದ್ದಾನೆ, ನನ್ನ ಉಪ್ಪಿಟ್ಟನ್ನು ಬೈಯುವಷ್ಟು ಗಟ್ಟಿಯಾಗಿದ್ದಾನೆ.

ಹೋದ ತಿಂಗಳು ಗಸ್ತಿನಲ್ಲಿ ಒಂದು ಘಟನೆ ನಡೆಯಿತು. ನಿನಗೆ ಹೇಳಲಿಲ್ಲ. ಈಗಲೂ ಏನು ನಡೆಯಿತೆಂದು ಹೇಳುವುದಿಲ್ಲ. ನಿನ್ನ ಮೇಲೆ ನಂಬಿಕೆಯಿಲ್ಲದೆ ಅಲ್ಲ, ಅಮ್ಮ. ನಾನು ಮನೆಗೆ ಬಂದಾಗ ನೀನು ನನ್ನನ್ನು ನೋಡಿ, ತಲೆಗೆ ಎಣ್ಣೆ ಹಾಕದೆ ಕಾಡುಪಾಪದ ಹಾಗಾಗಿದ್ದೀಯ ಎಂದು ಬೈಯಬೇಕು. ಹೇಳಿಬಿಟ್ಟರೆ ನೀನು ಬೈಯುವುದಿಲ್ಲ, ನನ್ನ ಮುಖದಲ್ಲಿ ಅದನ್ನೇ ಹುಡುಕುತ್ತೀಯ. ಅದು ಈ ಕಾಡಿನಲ್ಲೇ ಇರಲಿ, ನಮ್ಮ ಅಡುಗೆಮನೆಗೆ ಅದು ಬರುವುದು ಬೇಡ. ಬಾಗಿಲಲ್ಲಿ ಅದನ್ನು ಬಿಟ್ಟು ಒಳಗೆ ಬರುವ ಹಕ್ಕು ನನಗೆ ಬೇಕು.

ನನಗಾದದ್ದು ಒಂದು ಬೆಳಗಿನ ಮಾತು. ಅಪ್ಪನದು ಇಡೀ ಒಂದು ಯುದ್ಧ. ಅಪ್ಪ ಅದನ್ನು ಅಲ್ಲೇ ಬಿಟ್ಟು ಬಂದದ್ದಕ್ಕೇ ನಮಗೆ ಹೂವು ಬೆಳೆಯುವ, ಕಾರಿನವರನ್ನು ಬೈಯುವ, ನಿನಗೆ ಹೆದರಿ ಮಲಗಿದ ದನಕ್ಕೆ ಹುಲ್ಲು ಹಾಕುವ ಅಪ್ಪ ಸಿಕ್ಕಿದ್ದು. ಎಲ್ಲವನ್ನೂ ಬಿಟ್ಟು ಬಂದವನು ಒಬ್ಬರನ್ನು ಮಾತ್ರ ಮನೆಗೆ ಕರೆದುಕೊಂಡು ಬಂದಿದ್ದಾನೆ. ವರ್ಷಕ್ಕೆ ಒಂದು ಊಟಕ್ಕೆ.

ಹೆಂಗಸೋ ಗಂಡಸೋ ನನಗೂ ಗೊತ್ತಿಲ್ಲ. ಹೆಜ್ಜೆ ನೋಡಿ ಪ್ರಾಣಿ ಯಾವುದೆಂದು ಹೇಳುವುದು ನನ್ನ ಕೆಲಸ, ಆದರೆ ಕನ್ನಡಿ ನೋಡಿ ಹೇಳಲು ಬರುವುದಿಲ್ಲ. ನೀನು ಇಡದಿದ್ದರೆ ಅಪ್ಪ ಜಗಳ ಆಡುವುದಿಲ್ಲ. ಅದಕ್ಕೇ ಅಪ್ಪನ ಪರವಾಗಿ ನಾನು ಆಡುತ್ತಿದ್ದೇನೆ. ಆ ಎಲೆ ಇಡು, ಅಮ್ಮ. ಬೀದಿ ಪಿಶಾಚಿ ಬಂದು ಕೂತರೆ ನನಗೆ ಹೇಳಿಕಳಿಸು. ಅತಿಕ್ರಮಣ ತೆರವುಗೊಳಿಸುವುದು ನಮ್ಮ ಇಲಾಖೆಯ ಕೆಲಸ.

ಹಬ್ಬಕ್ಕೆ ರಜ ಸಿಗಲಿಲ್ಲ. ಎಲ್ಲವನ್ನೂ ಬರೆ.

ತೇಜು

•

ಭೀಮನಬೀಡು
೨೨ ಸೆಪ್ಟೆಂಬರ್ ೨೦೨೫

ತೇಜು,

ನಿನ್ನ ಕಾಗದ ಕೂತೇ ಓದಿದೆ. ಓದಿ ಸ್ವಲ್ಪ ಅತ್ತೆ. ಏನಾಯಿತು ಎಂದು ಕೇಳುವುದಿಲ್ಲ. ಬಾಯಿ ತುರಿಸುತ್ತಿದೆ, ಆದರೂ ಕೇಳುವುದಿಲ್ಲ. ತಲೆಗೆ ಎಣ್ಣೆ ಹಾಕದೆ ಬಾ, ಮಾಡುತ್ತೇನೆ ನಿನಗೆ.

ನಿನ್ನೆಯ ಸುದ್ದಿ ಕೇಳು. ನಿಮ್ಮಪ್ಪ ಬಾಳೆ ಎಲೆ ಕುಯ್ದು ತಂದು ಒಂದು ಕಡಿಮೆಯೇ ಹಾಸಿದರು. ಗುಂಡ್ಲುಪೇಟೆಗೂ ಹೋಗಿರಲಿಲ್ಲ. ಅವರು ಸ್ನಾನಕ್ಕೆ ಹೋದಾಗ ನಾನು ಇನ್ನೊಂದು ಹಾಸಿದೆ. ಬಾಚಣಿಗೆ, ಕನ್ನಡಿ ನಾನೇ ತರಿಸಿಟ್ಟಿದ್ದೆ. ಕೆಂಪು ಬಾಚಣಿಗೆ, ಹೂವಿನ ಚಿತ್ರದ್ದು. ಒಳ್ಳೆಯದೇ ಇರಲಿ ಎಂದು ಎರಡು ಬಳೆ, ಕುಂಕುಮದ ಪೊಟ್ಟಣವನ್ನೂ ಇಟ್ಟೆ. ಅಷ್ಟು ವರ್ಷದಿಂದ ಬರುತ್ತಿರುವವಳಿಗೆ ಬಳೆ ಇಲ್ಲದೆ ಕಳಿಸುವುದೇ?

ನಿಮ್ಮಪ್ಪ ಒದ್ದೆ ತಲೆ ಒರೆಸಿಕೊಳ್ಳುತ್ತಾ ಬಂದವರು ಎಲೆ ನೋಡಿದರು. ಟವೆಲ್ಲು ತಲೆಯ ಮೇಲೇ ನಿಂತಿತು. ನಾನು ನೋಡದವಳ ಹಾಗೆ ಸಾರು ಬಡಿಸಿದೆ.

ಕೂಗಲು ನಿಂತೆ. ಮೊದಲು ಗುರುಸಿದ್ದಯ್ಯ ತಾತನನ್ನು ಕರೆದೆ. ಆಮೇಲೆ ನಿನ್ನಜ್ಜಿಯನ್ನು. "ಅತ್ತೆಮ್ಮ, ಬನ್ನಿ, ಉಪ್ಪುಕಾರ ಎಚ್ಚುಕಮ್ಮಿ ಆಗಿದ್ರ ಇವತ್ತಾದ್ರೂ ಬೈಬ್ಯಾಡಿ" ಎಂದೆ. ಎಲ್ಲರದೂ ಆಯಿತು. ಕೊನೆಯ ಎಲೆಗೆ ಬಂದೆ. ನಿಮ್ಮಪ್ಪ ಬಾಗಿಲ ಚೌಕಟ್ಟು ಹಿಡಿದು ತಲೆ ತಗ್ಗಿಸಿ ನಿಂತಿದ್ದರು. ನಿನ್ನಜ್ಜಿಯ ಹಾಗೆ ಗೊಣಗಿ ಮುಗಿಸೋಣ ಎಂದುಕೊಂಡೆ. ಗೊಣಗಲು ನನಗೆ ಬರುವುದಿಲ್ಲವಲ್ಲ. ಗಂಟಲು ತೆಗೆದು ಕೂಗಿಯೇಬಿಟ್ಟೆ:

"ನಿನ್ನೆಸ್ರು ನಂಗ ಗೊತ್ತಿಲ್ಲ ಕನವ್ವ. ನಮ್ ಯಜಮಾನ್ರ ಜೊತೇಲಿ ಎಂಗಿದ್ಯೋ ಅದೂ ಗೊತ್ತಿಲ್ಲ. ನಂಗ ಸವತಿ ಆಗಿದ್ರೂ ಸರಿಯೇ, ಇದು ನಿನ್ ಮನ. ನಾಚ್ಕಬ್ಯಾಡ. ಬಾ ತಾಯಿ, ಬಳೆ ತೊಟ್ಕ, ತಲ ಬಾಚ್ಕ, ಒಟ್ಟ ತುಂಬ ಉಂಡೋಗು!"

ಹಿಂದಿನಿಂದ ಏನೋ ಸದ್ದು ಬಂತು. ಅಳುತ್ತಿದ್ದಾರೆ ಎಂದು ತಿರುಗಿದೆ. ನಿಮ್ಮಪ್ಪ ಹೊಸ್ತಿಲ ಮೇಲೆ ಕುಸಿದು ಕೂತು ನಗುತ್ತಿದ್ದರು ಕಣೆ! ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದ ಹಾಗೆ. ಮದುವೆಯಾದಾಗಿನಿಂದ ಅವರು ಹೀಗೆ ನಕ್ಕಿದ್ದನ್ನು ನಾನು ನೋಡಿಲ್ಲ.

"ಗಂಡು ಕಣಮ್ಮಿ! ಗಂಡು! ಇಷ್ಟುದ್ದ ಮೀಸೆ ಇತ್ತು ಕಣಮ್ಮಿ! ಎದ್ರೂ ಅದ್ನೇ ಬಾಚೋನು, ಮಲಗಾಕ್ ಮುಂಚೆನೂ ಅದ್ನೇ ಬಾಚೋನು! ಸವತಿ ಅಂತೆ!"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೀಸೆ ಹೊತ್ತ ಸಿಪಾಯಿಗೆ ಬಳೆ ತೊಟ್ಕೋ ತಾಯಿ ಎಂದಿದ್ದೇನೆ! ಓಡಿಹೋಗಿ ಬಳೆ, ಕುಂಕುಮ ತೆಗೆದು, "ತಪ್ಪಾಯ್ತು ಕನಪ್ಪ, ಎದ್ದೋಗ್ಬ್ಯಾಡ, ಕೂತ್ಕೊ" ಎಂದು ಕೈ ಮುಗಿದೆ. ಅದನ್ನು ನೋಡಿ ನಿಮ್ಮಪ್ಪ ಇನ್ನೂ ಜೋರಾಗಿ ನಕ್ಕರು. ನಾನೂ ನಕ್ಕೆ. ಪಕ್ಕದ ಮನೆಯವರು ಬಂದು ಇಣುಕಿ ನೋಡಿದರು, ಅಮಾವಾಸ್ಯೆಯ ಎಡೆ ಮುಂದೆ ಇವರಿಗೇನು ಬಂತು ಎಂದು.

ಆಮೇಲೆ ನಿಮ್ಮಪ್ಪ ಕಣ್ಣು ಒರೆಸಿಕೊಂಡರು. ಒರೆಸಿದಷ್ಟೂ ಬರುತ್ತಲೇ ಇತ್ತು. ಅದು ನಗುವಿನದೋ ಬೇರೆಯದೋ ನಾನು ಕೇಳಲಿಲ್ಲ. "ನೀ ಕೂಗಿದ್ ಕೇಳಿದ್ರ ಅವ್ನೂ ಇಂಗೇ ಬಿದ್ ಬಿದ್ ನಗ್ತಿದ್ದ" ಎಂದರು. ಹೆಸರು ಹೇಳಲಿಲ್ಲ. ನನಗೂ ಬೇಕೆನಿಸಲಿಲ್ಲ. ಗಂಡಸು, ಮೀಸೆಯವನು, ನಗುತ್ತಿದ್ದವನು. ನಮ್ಮ ನೆಂಟರಲ್ಲೇ ಎಷ್ಟೋ ಜನರ ಬಗ್ಗೆ ನನಗೆ ಇಷ್ಟು ಗೊತ್ತಿಲ್ಲ.

ಊಟದ ಹೊತ್ತಿಗೆ ಎಂದಿನಂತೆ ಆ ಎಲೆ ಎತ್ತಿಕೊಂಡು ಎದ್ದರು. ಜಗುಲಿಗೆ ಹೋಗುತ್ತಾರೆ ಎಂದುಕೊಂಡೆ. ನನ್ನ ಪಕ್ಕಕ್ಕೆ ಬಂದು ಕೂತು, ಎಲೆಯನ್ನು ಇಬ್ಬರ ನಡುವೆ ಇಟ್ಟರು. "ತಿನ್ನು" ಎಂದರು. ಇಬ್ಬರೂ ಒಂದೇ ಎಲೆಯಲ್ಲಿ ಉಂಡೆವು, ಈ ವಯಸ್ಸಿನಲ್ಲಿ. ಯಾರಿಗೂ ಹೇಳಬೇಡ.

ಬಸವಣ್ಣನ ಕೈಯಲ್ಲಿ ವಡೆ, ಕಜ್ಜಾಯ ಕಳಿಸಿದ್ದೇನೆ. ಡಬ್ಬಿಯದು ನಿನ್ನ ಶಿಬಿರದವರಿಗೆಲ್ಲ, ಮಹದೇವಸ್ವಾಮಿಗೆ ಎರಡು ಹೆಚ್ಚಿಗೆ ಕೊಡು. ಬಾಳೆ ಎಲೆಯಲ್ಲಿ ಕಟ್ಟಿದ ಪೊಟ್ಟಣ ಬೇರೆ ಇದೆ, ಅದರಲ್ಲಿ ಒಂದೇ ಕಜ್ಜಾಯ. ಅದು ಆ ಎಲೆಯದು. ನಾನು ಕೈ ಹಾಕಲು ಹೋದರೆ ಬಿಡಲಿಲ್ಲ. "ಇದು ತೇಜೂಗ" ಎಂದು ನಿಮ್ಮಪ್ಪನೇ ಎತ್ತಿಟ್ಟು ಕಟ್ಟಿಕೊಟ್ಟರು.

ಅಮ್ಮ